ನೀಲಿ ನನ್ನದು

ರೂವಿಯ ಹೋಂಡಾ ರಸ್ತೆಯ ಹಿಂದಿನ ಗಲ್ಲಿ, ಅಲ್ ನಸೀಮ್ ಲಾಂಡ್ರಿ.
ರಾತ್ರಿ ಹನ್ನೊಂದಕ್ಕೆ ಷಟರು ಅರ್ಧ ಇಳಿಸಿದರೆ
ಉಳಿದರ್ಧದಲ್ಲಿ ಬಗ್ಗಿ ಬರುತ್ತಿದ್ದರು ಮೂವರು,
ಮೊದಲು ವಾದ್ಯ, ಆಮೇಲೆ ತಲೆ.

ಲ್ಯಾನ್ಸಿ ಕುವೆಲ್ಲೊ, ಹಗಲು ಟೈರಂಗಡಿಯ ಲೆಕ್ಕ,
ರಾತ್ರಿ ಅಜ್ಜನ ಮ್ಯಾಂಡೊಲಿನ್.
ಭಟ್ಕಳದ ಮುಜಫ್ಫರ್ ಕೋಲಾನ ಗಿಟಾರಿಗೆ ಐದೇ ತಂತಿ,
ಆರನೆಯದು ಮುಂದಿನ ಸಂಬಳಕ್ಕೆ.
ಮತ್ರಾದ ಶಾಹ್‌ದಾದ್, ಬಲೂಚಿ,
ಊರಿಗೆ ಹೊರಟ ಎಣ್ಣೆ ಕಂಪನಿ ಸಾಹೇಬನ ಮನೆಗೆ
ಹಳೇ ಫ್ರಿಡ್ಜು ತರಲು ಹೋಗಿ ಬ್ಯಾಂಜೊ ತಂದವ:
“ನಮ್ಮಜ್ಜನದು ಬೆಂಜು. ಹೆಸರು ನೋಡು,
ಎಲ್ಲೋ ದಾಯಾದಿಗಳೇ ಇರಬೇಕು.”

ಅದರ ಪೆಟ್ಟಿಗೆಯಲ್ಲೊಂದು ಕ್ಯಾಸೆಟ್ಟು. ಹಾಕಿದರೆ
ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ
ಚಿಟಪಟ ಚಿಟಪಟ, ನಿಲ್ಲುವ ಮಾತೇ ಇಲ್ಲ.
ಏನಿದರ ಹೆಸರು ಎಂದೆ.
ನೀಲಿ ಹುಲ್ಲು, ಎಂದ ಲ್ಯಾನ್ಸಿ.

ಇಲ್ಲೆಲ್ಲಿ ಹುಲ್ಲು ಮಾರಾಯ? ಸರ್ಕಲ್ಲಿನಲ್ಲಿರುವಷ್ಟೂ
ಪೈಪಿನ ನೀರು ಕುಡಿದು
ಮುನಿಸಿಪಾಲಿಟಿ ಲೆಕ್ಕಕ್ಕೆ ಬದುಕಿದೆ.
ಹುಲ್ಲು ನೀವು ನೋಡಿಕೊಳ್ಳಿ,
ನೀಲಿ ನನ್ನದು,
ಎಂದು ದಿಶ್‌ದಾಶ ಅದ್ದುವ ಟಬ್ಬು ತೋರಿಸಿದೆ.

ನಗಲೆಂದು ಹೇಳಿದ್ದು.
ಲ್ಯಾನ್ಸಿ ಅದನ್ನು ಬೋರಲು ಹಾಕಿ, ತಳಕ್ಕೆ ತೂತು ಕೊರೆದು
ಬಟ್ಟೆ ಹರವುವ ಹಗ್ಗ ಪೋಣಿಸಿ
ನೆಲ ಒರೆಸುವ ಕೋಲಿಗೆ ಬಿಗಿದು, “ಎಳಿ” ಎಂದ.
ಎಳೆದೆ.
ಧುಂ.
ಕಿವಿಗಲ್ಲ, ಮೊದಲು ಅಂಗಾಲಿಗೆ ಬಂತು.
(ಟಬ್ಬಿಗೆಂದು ಮಾಲೀಕ ಸಂಬಳದಲ್ಲಿ ಮೂರು ರಿಯಾಲು ಹಿಡಿದ.)

ಮೈಕೆಂದರೆ ಹ್ಯಾಂಗರಿಗೆ ನೇತುಹಾಕಿದ ಫೋನು, ಒಂದೇ ಒಂದು.
ನುಡಿಸುವವ ಮುಂದೆ ಬರಬೇಕು,
ನುಡಿಸಿದವ ಹಿಂದೆ ಸರಿಯಬೇಕು
ಇಸ್ತ್ರಿ ಮೇಜಿಗೆ ಸೊಂಟ ತಾಗದ ಹಾಗೆ.
ಹೆಚ್ಚು ಹೊತ್ತು ಮುಂದೆ ನಿಂತವನಿಗೆ
ಬೆನ್ನ ಮೇಲೊಂದು ಗುದ್ದು.
ನಾನು ಮಾತ್ರ ಅಲ್ಲಾಡುವಂತಿರಲಿಲ್ಲ. ಬುಡವೆಂದರೆ ಬುಡ.

ಒಂದು ಗುರುವಾರದ ರಾತ್ರಿ ಹಿಡಿದದ್ದನ್ನು
ಲ್ಯಾನ್ಸಿಯ ಅಕ್ಕನ ಮಗಳು ಎಲ್ಲಿಗೋ ಹಾಕಿದಳು.
ಮಂಗಳವಾರಕ್ಕೆ ನಾಲ್ಕು ಲಕ್ಷ ಜನ.
ಆಮೇಲೆ ಕುರುಮ್‌ನ ಹೋಟೆಲು. ಸಲಾಲಾ. ದುಬೈ. ದೋಹಾ.
ಪೋಸ್ಟರಿನಲ್ಲಿ ಅಂಗೈ ದಪ್ಪದ ಅಕ್ಷರ: ರೂವಿ ನೀಲಿ.
ಐದು ತಂತಿಯ ಮುಜಫ್ಫರನಿಗೀಗ ಮೂರು ಗಿಟಾರು,
ತಲೆಗೊಂದು ಮೈಕು,
ಸರಿಯುವುದೇ ಬೇಕಿಲ್ಲ ಯಾರೂ ಯಾರಿಗೂ.

ನನ್ನ ಪಾಸ್‌ಪೋರ್ಟು ಮಾಲೀಕನ ಡ್ರಾಯರಿನಲ್ಲಿ,
ಬಿಲ್ಲುಪುಸ್ತಕದ ಅಡಿಗೆ.
ದುಬೈಯಲ್ಲಿ ಸಿಕ್ಕ ರೋಮೆಲ್‌ನ ಬಳಿ
ಆಳೆತ್ತರದ ನಿಜವಾದ ಬಾಸು.
ಚೆನ್ನಾಗಿ ನುಡಿಸುತ್ತಾನೆ. ಹುಡುಕಿದೆ, ಹುಳುಕು ಸಿಗಲಿಲ್ಲ.
ನಾನು ನಾಲ್ಕಕ್ಕೊಮ್ಮೆ ತಪ್ಪುತ್ತಿದ್ದೆ.
ಅವರ ಅಂಗಿಗಳು ಈಗಲೂ ಇಲ್ಲಿಗೇ ಬರುತ್ತವೆ, ಬಸ್ಸಿನಲ್ಲಿ,
ರೋಮೆಲ್‌ನದೂ ಸೇರಿ ನಾಲ್ಕು. ಬಿಳಿ.
ನೀಲಿ ಹಾಕದೆ ಅಷ್ಟು ಬಿಳಿ ಬರುವುದಿಲ್ಲ.

ಮೊನ್ನೆ ಸ್ಟುಡಿಯೊದಿಂದ ಲ್ಯಾನ್ಸಿಯ ಫೋನು.
“ಆ ಮೊದಲ ಹಾಡೇ ಬೇಕಂತೆ ಜನಕ್ಕೆ. ಎಲ್ಲಾ ಬಂತು,
ಎರಡನೇ ಪೆಟ್ಟಿನ ಮೇಲೊಂದು ಸ್ಸ್ ಇದೆ ನೋಡು,
ಅದು ಬರ್ತಿಲ್ಲ.
ಬ್ರಷ್ಷಲ್ಲಿ ನೋಡಿದ್ವಿ, ಕಂಪ್ಯೂಟರಲ್ಲಿ ನೋಡಿದ್ವಿ.
ನೀನೇನಾದ್ರೂ ಮಾಡಿದ್ಯಾ?”

ನಾನಲ್ಲ.
ಆ ರಾತ್ರಿ ಯಾರದೋ ಮದುವೆಯ ನಲವತ್ತು ದಿಶ್‌ದಾಶ
ಬೆಳಗಿನೊಳಗೆ ಮುಗಿಯಬೇಕಿತ್ತು.
ನಮಗೆ ಬೆನ್ನು ಹಾಕಿ ಕುದ್ದೂಸ್ ಮಿಯಾ
ಹಬೆಯ ಪೆಡಲು ಒತ್ತುತ್ತಲೇ ಇದ್ದ.
ಸಿಲ್ಹೆಟ್ಟಿನವ. ಹಾಡು ಹಿಡಿಸದವ.

ಫೋನಿಟ್ಟು ಅವನಿಗೆ ಹೇಳಿದೆ:
ಮಿಯಾ, ನಾಲ್ಕು ಲಕ್ಷ ಜನ ಕೇಳಿದ್ದಾರೆ ನಿನ್ನನ್ನು.
ಅವನು ತಿರುಗಲಿಲ್ಲ.
“ಒಂದು ಕಾಲರು ಸುಟ್ಟಿತ್ತು ಅವತ್ತು,” ಎಂದ,
“ನಿಮ್ಮ ಗಲಾಟೆಯಲ್ಲಿ.”

ಪೆಡಲು ಒತ್ತಿದ.
ನನ್ನ ಬಲಗಾಲು ತಾನಾಗಿ
ಟಬ್ಬು ಇಲ್ಲದ ಜಾಗವನ್ನು ಮೆಟ್ಟಿತು.